ಮುಚ್ಚಿದ ಅಕ್ಷರ, ಬೀಗ ಹಾಕಿದ ಅಕ್ಷರ

(ನಮ್ಮ ಸಂಘದ ಸ್ಥಾಪನಾ ದಿನಾಚರಣೆಯ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಡಾಕ್ಟರನ್ನು ಭಾಷಣಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮಂಡಿನೋವು ಇವುಗಳ ಬಗ್ಗೆ ಮಾತನಾಡಬೇಕು, ಆಮೇಲೆ ಊಟದ ಸಾಲಿನಲ್ಲಿ ನಿಂತು ಅವರಿಗೆ ನಮ್ಮ ರಿಪೋರ್ಟು ತೋರಿಸಬೇಕು ಎಂಬುದು ನಮ್ಮ ಸಂಘದ ಹಳೆಯ ಸಂಪ್ರದಾಯ. ಈ ಸಲ ಸಮಿತಿಯವರು ಬೇರೆಯೇ ವಿಷಯ ಕೊಟ್ಟಿದ್ದಾರೆ. ಸದಸ್ಯರ ಡೈರೆಕ್ಟರಿಯನ್ನು ಅಚ್ಚು ಹಾಕಿಸುವ ಬದಲು ಸಂಘದ ಜಾಲತಾಣದಲ್ಲಿ ಇಡಬೇಕೆಂಬ ಮಾತು ಕೆಲವು ತಿಂಗಳಿಂದ ನಡೆದಿದೆ. ಒಂದು ಸಭೆಯಲ್ಲಿ ಉತ್ಸಾಹಿ ತರುಣರೊಬ್ಬರು, “ಹೆಸರು, ಫೋನು, ವಿಳಾಸ, ಮಕ್ಕಳ ವಯಸ್ಸು ಎಲ್ಲವನ್ನೂ ಯಾರಿಗೂ ಅರ್ಥವಾಗದ ಹಾಗೆ ಮಾಡಿ ಪುಟದೊಳಗೆ ಇಡೋಣ, ನಮ್ಮವರು ಪಾಸ್‌ವರ್ಡ್ ಕೊಟ್ಟರೆ ಮಾತ್ರ ಅದು ಬಿಡಿಸಿಕೊಂಡು ಕಾಣಲಿ” ಎಂದರು. ಆ “ಅರ್ಥವಾಗದ ಹಾಗೆ” ಎಂಬ ಮಾತಿಗೆ ನಾನು ಎದ್ದು ನಿಂತು ಆಕ್ಷೇಪಿಸಿದೆ, ಸ್ವಲ್ಪ ಜೋರಾಗಿಯೇ. ಹಾಗಾದರೆ ಎಲ್ಲರ ಮುಂದೆ ತಾವೇ ವಿವರಿಸಿ ಎಂದು ಅಪ್ಪಣೆಯಾಯಿತು.

ನನ್ನ ಅರ್ಹತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದಿ, ಇಲ್ಲಿ ಅಮೆರಿಕದಲ್ಲಿ ರೆಸಿಡೆನ್ಸಿ ಮುಗಿಸಿದವಳು ನಾನು. ನಮ್ಮ ಮನೆಯಲ್ಲಿ ಸಾಫ್ಟ್‌ವೇರ್ ಓದಿದವರು ನಮ್ಮ ಯಜಮಾನರು. ಅವರು ಈಗ ಅಡುಗೆ ವಿಭಾಗದಲ್ಲಿ ಪಲ್ಯ ಬಡಿಸುವ ಏರ್ಪಾಡಿನಲ್ಲಿದ್ದಾರೆ. ನಾನು ವೆಬ್ ಪ್ರೋಗ್ರಾಮಿಂಗ್ ಕಲಿತದ್ದು ನಮ್ಮ ಭಾನುವಾರದ ಕನ್ನಡ ತರಗತಿಗಾಗಿ. ಮಕ್ಕಳಿಗೆ ಒಗಟುಗಳ ಪುಟವೊಂದನ್ನು ಮಾಡಬೇಕಾಗಿತ್ತು. ಒಗಟಿನ ಕೆಳಗೆ ಉತ್ತರವಿರಬೇಕು, ಆದರೆ ಕಣ್ಣು ಜಾರಿದ ಮಾತ್ರಕ್ಕೆ ಓದಲು ಬರಬಾರದು. ಗುಂಡಿ ಒತ್ತಿದರೆ ಸರಿಯಾಗಿ ಕಾಣಬೇಕು. ಇಷ್ಟೇ ಬೇಡಿಕೆ. ಅಕ್ಷರಮಾಲೆಯನ್ನು ಮುಚ್ಚುವುದು, ಮತ್ತೆ ತೆರೆಯುವುದು.

ಅತ್ಯಂತ ಸುಲಭದ ಉಪಾಯ ತಿರುಗುಮುರುಗು ಮಾಡುವುದು. ಇಂಗ್ಲಿಷ್ ಪದಕ್ಕೆ ಇದು ಸಲೀಸು. “ಮೈಸೂರು” ಎಂಬುದನ್ನು ತಿರುಗಿಸಿ ನೋಡಿ. ಗಣಕಯಂತ್ರಕ್ಕೆ ಅದು ಮೂರು ಅಕ್ಷರವಲ್ಲ, ಆರು ತುಂಡು: ಮ, ಐತ್ವ, ಸ, ಊತ್ವದ ಕೊಂಬು, ರ, ಉತ್ವದ ಕೊಂಬು. ತಿರುಗಿಸಿದಾಗ ಕೊನೆಯ ಕೊಂಬು ಮೊದಲಿಗೆ ಬಂದು, ಹಿಡಿದುಕೊಳ್ಳಲು ವ್ಯಂಜನವಿಲ್ಲದೆ ಗಾಳಿಯಲ್ಲಿ ನೇತಾಡುತ್ತದೆ. ಆಮೇಲೆ “ರೂಸೈಮ” ಎಂದು ಬರುತ್ತದೆ. ಊತ್ವ ಸಕಾರವನ್ನು ಬಿಟ್ಟು ರಕಾರವನ್ನು ಹಿಡಿಯಿತು, ಐತ್ವ ಮಕಾರವನ್ನು ಬಿಟ್ಟು ಸಕಾರವನ್ನು ಹಿಡಿಯಿತು. ಇನ್ನೊಮ್ಮೆ ತಿರುಗಿಸಿದರೆ ಮೈಸೂರು ಮರಳಿ ಬರುತ್ತದೆ ಎನ್ನುವುದು ನಿಜ. ಆದರೆ ಮಕ್ಕಳ ಕಣ್ಣಿಗೆ ಅದು ಅಪಘಾತದ ಹಾಗೆ ಕಂಡಿತು.

ಎರಡನೆಯದು ಅಕ್ಷರಗಳನ್ನು ಮುಂದಕ್ಕೆ ಸರಿಸುವುದು. ರೋಮಿನ ಜೂಲಿಯಸ್ ಸೀಸರ್ ಮೂರು ಅಕ್ಷರ ಸರಿಸಿ ಪತ್ರ ಬರೆಯುತ್ತಿದ್ದನೆಂದು ಚರಿತ್ರಕಾರ ಸ್ಯುಟೋನಿಯಸ್ ಬರೆದಿಟ್ಟಿದ್ದಾನೆ. ಅದರ ಈ ಕಾಲದ ತಮ್ಮನಿಗೆ ರಾಟ್-13 ಎಂದು ಹೆಸರು. ಇಂಗ್ಲಿಷಿನ 26 ಅಕ್ಷರದಲ್ಲಿ ಸರಿಯಾಗಿ ಅರ್ಧ, ಅಂದರೆ 13 ಸ್ಥಾನ ಸರಿಸುವುದು. ‘ಎ’ ಹೋಗಿ ‘ಎನ್’ ಆಗುತ್ತದೆ, ‘ಎನ್’ ಹೋಗಿ ‘ಎ’ ಆಗುತ್ತದೆ. ಅರ್ಧವೇ ಆದ್ದರಿಂದ ಮುಚ್ಚುವುದಕ್ಕೂ ತೆರೆಯುವುದಕ್ಕೂ ಒಂದೇ ಸೂತ್ರ ಸಾಕು. 1980ರ ದಶಕದಲ್ಲಿ ಯೂಸ್‌ನೆಟ್ ಎಂಬ ಹಳೆಯ ಜಾಲದಲ್ಲಿ ಜನ ಇದನ್ನು ಬಳಸುತ್ತಿದ್ದದ್ದು ಗುಟ್ಟಿಗಲ್ಲ. ಸ್ವಲ್ಪ ಪೋಲಿ ಹಾಸ್ಯ, ಪತ್ತೇದಾರಿ ಕಥೆಯ ಕೊನೆ ಇಂಥವನ್ನು ಬೇಡದವರ ಕಣ್ಣಿಗೆ ಬೀಳದಂತೆ ಮರೆಮಾಡಲು.

ಇದನ್ನೇ ಕನ್ನಡಕ್ಕೆ ತರಲು ಹೊರಟರೆ ಒಂದು ಸ್ವಾರಸ್ಯವಿದೆ. ಗಣಕಯಂತ್ರದಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಯೂನಿಕೋಡಿನ ಒಂದು ಸಂಖ್ಯೆ ಇದೆ. ‘ಕ’ ಎಂದರೆ 3221. ಎಲ್ಲ ಸಂಖ್ಯೆಗೂ ಒಂದು ಕೂಡಿಸಿದರೆ ಆಯಿತಲ್ಲ ಎನಿಸುತ್ತದೆ. ‘ಕ’ ‘ಖ’ ಆಯಿತು, ‘ಡ’ ‘ಢ’ ಆಯಿತು. ‘ನ’ಕಾರಕ್ಕೆ ಒಂದು ಕೂಡಿಸಿದರೆ ಖಾಲಿ ಚೌಕ! ಭಾರತದ ಮುಖ್ಯ ಲಿಪಿಗಳನ್ನು ಒಂದೇ ಅಚ್ಚಿನ ಮನೆಗಳಲ್ಲಿ ಕೂರಿಸಿರುವುದರಿಂದ, ‘ನ’ ಆದ ಮೇಲೆ ತಮಿಳಿನ ಇನ್ನೊಂದು ನಕಾರಕ್ಕೆ ಜಾಗ ಬಿಟ್ಟಿದ್ದಾರೆ. ಕನ್ನಡದಲ್ಲಿ ಆ ಮನೆಗೆ ಯಾರೂ ಬಂದಿಲ್ಲ. ಹಾಗಾಗಿ ಯಂತ್ರದ ಸಂಖ್ಯೆಯನ್ನು ಬಿಟ್ಟು ನಮ್ಮ ಮೇಷ್ಟ್ರು ಬಾಯಿಪಾಠ ಮಾಡಿಸಿದ ವರ್ಣಮಾಲೆಯನ್ನೇ ಹಿಡಿಯಬೇಕು. ‘ಕ’ದಿಂದ ‘ಳ’ದವರೆಗೆ ವರ್ಗೀಯ 25, ಅವರ್ಗೀಯ 9, ಒಟ್ಟು 34 ವ್ಯಂಜನ. ಸಮಸಂಖ್ಯೆ! ಅರ್ಧ 17. ಸ್ವರ, ಗುಣಿತದ ಚಿಹ್ನೆ, ಒತ್ತು, ಸೊನ್ನೆ ಎಲ್ಲ ಇದ್ದಲ್ಲೇ ಇರಲಿ; ವ್ಯಂಜನ ಮಾತ್ರ 17 ಮನೆ ಜಿಗಿಯಲಿ. ‘ಕ’ ‘ದ’ ಆಗುತ್ತದೆ, ‘ದ’ ‘ಕ’ ಆಗುತ್ತದೆ. “ಕನ್ನಡ” ಎಂಬುದು “ದಗ್ಗಶ”. “ಮೈಸೂರು” ಎಂಬುದು “ಜೈಣೂಞು”. ಓದಲು ಬಾಯಿ ತೊದಲುತ್ತದೆ, ಆದರೆ ಒಂದು ಚಿಹ್ನೆಯೂ ನೇತಾಡುವುದಿಲ್ಲ. “ಜನ” ಎಂದು ಕೊಟ್ಟರೆ “ಮಗ” ಬರುತ್ತದೆ. “ದೋಸೆ” ಎಂದು ಕೊಟ್ಟರೆ “ಕೋಣೆ” ಬರುತ್ತದೆ. ಆ ದಿನದಿಂದ ನಮ್ಮ ತರಗತಿಯ ಮಕ್ಕಳು ಮನೆಯಲ್ಲಿ ಬೆಳಗ್ಗೆ ಎದ್ದು ಎರಡು ಕೋಣೆ ಬೇಕು ಎನ್ನುತ್ತಿದ್ದಾರೆಂದು ತಾಯಂದಿರು ದೂರಿದ್ದಾರೆ.

ಒಗಟಿಗೆ ಇಷ್ಟು ಸಾಕು. ಇದನ್ನೇ ಗುಟ್ಟು ಎಂದುಕೊಂಡರೆ ಸಾಲದು. ಎಷ್ಟು ಮನೆ ಸರಿಸಿದ್ದಾರೆಂದು ತಿಳಿಯದಿದ್ದರೂ ಸಾಧ್ಯತೆ ಇರುವುದು ಬರೀ 33. ಕಾಗದ ಪೆನ್ಸಿಲ್ ಹಿಡಿದು ಕುಳಿತರೆ ಒಂದು ಮಧ್ಯಾಹ್ನದ ಕೆಲಸ. ಸರಿಸುವುದನ್ನು ಬಿಟ್ಟು ಅಕ್ಷರಗಳನ್ನು ಹೇಗೆಂದರೆ ಹಾಗೆ ಅದಲುಬದಲು ಮಾಡಿದರೂ ನಮ್ಮ ವಿಭಕ್ತಿ ಪ್ರತ್ಯಯಗಳೇ ಚಾಡಿ ಹೇಳುತ್ತವೆ. ಸಾಲು ಸಾಲಿಗೂ ಪದದ ಕೊನೆಯಲ್ಲಿ ಅದೇ ಒತ್ತಕ್ಷರ ಮತ್ತೆ ಮತ್ತೆ ಕಂಡರೆ ಅದು “ಅನ್ನು” ಅಥವಾ “ಅಲ್ಲಿ” ಇರಲೇಬೇಕು. ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಗುಟ್ಟು ಬಿಡಿಸುವ ಈ ವಿದ್ಯೆಯನ್ನು 9ನೇ ಶತಮಾನದಲ್ಲೇ ಅಲ್-ಕಿಂದಿ ಎಂಬ ಅರಬ್ ವಿದ್ವಾಂಸ ಬರೆದಿಟ್ಟಿದ್ದಾನೆ.

ಈಗ ಈ ಕಾಲದ ಜಾಲಪುಟಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ವೇಷಕ್ಕೆ ಬರುತ್ತೇನೆ. ಅದರ ಹೆಸರು ಬೇಸ್-64. ಇ-ಮೇಲ್ ಹುಟ್ಟಿದ್ದು ಸಾದಾ ಇಂಗ್ಲಿಷ್ ಅಕ್ಷರಗಳನ್ನು ಸಾಗಿಸಲು. ಅದರಲ್ಲಿ ಫೋಟೋ ಕಳಿಸುವುದು ಹೇಗೆ? ಫೋಟೋದ ಬೈಟುಗಳನ್ನು ಮೂರು ಮೂರಾಗಿ ತೆಗೆದುಕೊಳ್ಳುತ್ತಾರೆ. ಮೂರು ಬೈಟು ಎಂದರೆ 24 ಬಿಟ್ಟು. ಅದನ್ನು ಆರರಂತೆ ನಾಲ್ಕು ಪಾಲು ಮಾಡುತ್ತಾರೆ. ಆರು ಬಿಟ್ಟಿನಲ್ಲಿ 64 ಬಗೆ ಸಾಧ್ಯ. ಒಂದೊಂದಕ್ಕೂ ಒಂದು ಅಕ್ಷರ: ದೊಡ್ಡಕ್ಷರ 26, ಚಿಕ್ಕಕ್ಷರ 26, ಅಂಕಿ 10, ಕೂಡುವ ಚಿಹ್ನೆ, ಓರೆಗೆರೆ. ಮೂರು ಇದ್ದದ್ದು ನಾಲ್ಕಾಗುವುದರಿಂದ ಸಾಮಾನು ಮೂರನೇ ಒಂದು ಪಾಲು ಉಬ್ಬುತ್ತದೆ. ಕೊನೆಯಲ್ಲಿ ಬೈಟು ಸಾಲದೆ ಬಂದರೆ ಒಂದೋ ಎರಡೋ ಸಮಚಿಹ್ನೆ ಅಂಟಿಸುತ್ತಾರೆ. ಇದು ಹುಟ್ಟಿದ್ದು ಸಾಗಾಣಿಕೆಗಾಗಿ, ಬಚ್ಚಿಡುವುದಕ್ಕಲ್ಲ. ಊರಿಂದ ಬರುವಾಗ ಉಪ್ಪಿನಕಾಯಿ ಸೋರದಿರಲೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ಹಳೆಯ ಟವೆಲ್ ಸುತ್ತುತ್ತೇವಲ್ಲ, ಆ ಥರ. ಸುತ್ತಿದ್ದನ್ನು ಕಸ್ಟಮ್ಸಿನವರು ಬಿಚ್ಚಿ ನೋಡಲಾರರು ಎಂದು ಯಾರೂ ಭಾವಿಸುವುದಿಲ್ಲ.

ಜಾವಾಸ್ಕ್ರಿಪ್ಟಿನಲ್ಲಿ ಇದಕ್ಕೆಂದೇ ಬಿ-ಟು-ಎ, ಎ-ಟು-ಬಿ ಎಂಬ ಎರಡು ಸಿದ್ಧ ಸೂತ್ರಗಳಿವೆ. ಒಂದು ಸುತ್ತುತ್ತದೆ, ಇನ್ನೊಂದು ಬಿಚ್ಚುತ್ತದೆ. ಅಲ್ಲಿಗೆ ಕನ್ನಡ ಪದವನ್ನು ನೇರವಾಗಿ ಕೊಟ್ಟರೆ ದೋಷವೆಂದು ಮುಖ ತಿರುಗಿಸುತ್ತದೆ, ಏಕೆಂದರೆ ಅದಕ್ಕೆ 255ರವರೆಗಿನ ಸಂಖ್ಯೆಗಳು ಮಾತ್ರ ಗೊತ್ತು, ನಮ್ಮ ‘ಕ’ 3221ನೇ ಮನೆಯಲ್ಲಿದೆ. ಆದ್ದರಿಂದ ಮೊದಲು ಯು.ಟಿ.ಎಫ್-8 ಎಂಬ ಕ್ರಮದಲ್ಲಿ ಬೈಟುಗಳಾಗಿ ಒಡೆಯಬೇಕು. ಆಗ ಒಂದೊಂದು ಕನ್ನಡ ತುಂಡಿಗೂ ಮೂರು ಬೈಟು. “ಕನ್ನಡ” ಎಂಬುದರಲ್ಲಿ ಒತ್ತಿನ ಚಿಹ್ನೆ ಸೇರಿ ಐದು ತುಂಡು, 15 ಬೈಟು. ಬೇಸ್-64ರಲ್ಲಿ 20 ಅಕ್ಷರ. ನನಗೆ ಇಷ್ಟವಾದ ಸಂಗತಿ ಮುಂದಿನದು. ಕನ್ನಡದ ಒಂದು ತುಂಡಿಗೆ ಮೂರು ಬೈಟು, ಬೇಸ್-64ರ ಹಿಡಿಯೂ ಮೂರು ಬೈಟು. ಹಾಗಾಗಿ ಒಂದು ಕನ್ನಡ ಪದ ಈ ವೇಷ ಹಾಕಿದರೆ, ನಾಲ್ಕು ನಾಲ್ಕು ಅಕ್ಷರಕ್ಕೂ “ನಾಲ್ಕು, ಎಲ್, ಕೆ” ಅಥವಾ “ನಾಲ್ಕು, ಎಲ್, ಓ” ಎಂದೇ ಶುರುವಾಗುತ್ತದೆ. ‘ಕ’ ಎಂಬುದು “ನಾಲ್ಕು, ಎಲ್, ಕೆ, ವಿ”. ಕನ್ನಡಿಗರು ಯಾವ ದೇಶದಲ್ಲಿದ್ದರೂ ಮಾತಿನಲ್ಲಿ ಗುರುತು ಸಿಕ್ಕಿಬಿಡುವ ಹಾಗೆ ಕನ್ನಡ ಅಕ್ಷರವೂ ಸಿಕ್ಕಿಬೀಳುತ್ತದೆ.

ನಾವು ಡಾಕ್ಟರುಗಳು ಲಕ್ಷಣ ನೋಡಿ ರೋಗ ಹೇಳುವವರು. ಇಲ್ಲೂ ಹಾಗೆಯೇ. ಉದ್ದ ನಾಲ್ಕರಿಂದ ಭಾಗವಾಗಿ, ಬಾಲದಲ್ಲಿ ಸಮಚಿಹ್ನೆ ಇದ್ದರೆ ಬೇಸ್-64 ಇರಬೇಕು. ಎರಡೆರಡು ಅಕ್ಷರಕ್ಕೊಂದು ಶೇಕಡಾ ಚಿಹ್ನೆ ಇದ್ದರೆ ಅದು ಜಾಲವಿಳಾಸದಲ್ಲಿ ಸಾಗಿಸಲು ಮಾಡಿದ ವೇಷ. ಅದರಲ್ಲಿ “ಕನ್ನಡ” 45 ಅಕ್ಷರಗಳಷ್ಟು ಉದ್ದವಾಗುತ್ತದೆ. ಅರೆವಿರಾಮಗಳ ನಡುವೆ 3221ರಂಥ ಸಂಖ್ಯೆಗಳು ಕಂಡರೆ ಅದು ಎಚ್.ಟಿ.ಎಂ.ಎಲ್.ನ ರೂಪ. ಇ-ಮೇಲ್ ವಿಳಾಸವನ್ನು ಹೀಗೆ ಸಂಖ್ಯೆಗಳಾಗಿ ಬರೆದು ಪುಟದಲ್ಲಿ ಹಾಕಿದರೆ, ವಿಳಾಸ ಹೆಕ್ಕಿ ಜಾಹೀರಾತು ಕಳಿಸುವ ಸೋಮಾರಿ ಯಂತ್ರಗಳಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ಚುರುಕಿನ ಯಂತ್ರಗಳಿಂದ ಇಲ್ಲ.

ಇವೆಲ್ಲಕ್ಕೂ ಸಮಾನವಾದದ್ದೇನೆಂದರೆ, ಬಿಡಿಸಲು ನಿಯಮ ಗೊತ್ತಿದ್ದರೆ ಸಾಕು. ಯಾರ ಬಳಿಯೂ ಗುಟ್ಟಿನ ಕೀಲಿ ಬೇಕಿಲ್ಲ. ನಮ್ಮ ಮಕ್ಕಳು ಸಂಗೀತ ಕ್ಲಾಸಿನಲ್ಲಿ ಇಂಥದ್ದೇ ಒಂದು ನಿಯಮ ಕಲಿಯುತ್ತಾರೆ. ಕಟಪಯಾದಿ ಸೂತ್ರ. ಮಾಯಾಮಾಳವಗೌಳದಲ್ಲಿ ‘ಮ’ ಎಂದರೆ 5, ‘ಯ’ ಎಂದರೆ 1. ತಿರುಗಿಸಿ ಓದಿದರೆ 15ನೇ ಮೇಳಕರ್ತ. ಧೀರಶಂಕರಾಭರಣದಲ್ಲಿ ‘ಧ’ 9, ‘ರ’ 2, ಅದು 29ನೆಯದು. ಮೇಚಕಲ್ಯಾಣಿ 65. ಹೆಸರಿನೊಳಗೆ ಸಂಖ್ಯೆ ಅಡಗಿದೆ, ಆದರೆ ಯಾವ ವಿದ್ವಾಂಸರೂ ಅದನ್ನು ಗುಟ್ಟು ಎಂದಿಲ್ಲ. ನೆನಪಿಡಲು ಮಾಡಿದ ಅನುಕೂಲ ಅದು. ಕುಮುದೇಂದು ಮುನಿಯ ಸಿರಿಭೂವಲಯದ ಹೆಸರನ್ನು ಹಿರಿಯರು ಕೇಳಿರುತ್ತೀರಿ. ಅಲ್ಲಿ ಅಕ್ಷರವೇ ಇಲ್ಲ. 27 ಸಾಲು, 27 ಅಂಕಣದ ಚೌಕಗಳಲ್ಲಿ ಒಂದರಿಂದ 64ರವರೆಗಿನ ಅಂಕಿಗಳು, ಒಂದೊಂದು ಅಂಕಿಗೂ ಒಂದು ಧ್ವನಿ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆ ಚರ್ಚೆ ನನಗೆ ಮೀರಿದ್ದು. ನನ್ನ ಗಮನ ಸೆಳೆದದ್ದು ಎರಡು ಸಂಗತಿ: ಬೇಸ್-64ರ ಹಾಗೆಯೇ 64 ಸಂಕೇತ, ಹಾಗೂ ಯಾವ ಅಂಕಿಗೆ ಯಾವ ಧ್ವನಿ ಎಂದು ತಿಳಿದರಷ್ಟೇ ಸಾಲದು, ಚೌಕದೊಳಗೆ ಯಾವ ಹಾದಿಯಲ್ಲಿ ನಡೆಯಬೇಕೆಂಬುದೂ ತಿಳಿದಿರಬೇಕು. ಆ ಹಾದಿಗೆ ಬಂಧ ಎಂದು ಹೆಸರು. ನಿಯಮ ಬೇರೆ, ಹಾದಿ ಬೇರೆ. ಇವತ್ತಿನ ಭಾಷೆಯಲ್ಲಿ ಆ ಹಾದಿಯನ್ನು ಕೀಲಿ ಎನ್ನಬಹುದು.

ಬೇಡವೆಂದರೂ ಮುಚ್ಚಿಹೋಗುವ ಅಕ್ಷರವೂ ಇದೆ. 1998ರಲ್ಲಿ ಶೇಷಾದ್ರಿವಾಸು ಅವರ “ಬರಹ” ತಂತ್ರಾಂಶ ಬಂದಾಗ ನಮಗೆಲ್ಲ ಹಬ್ಬ. ಆದರೆ ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕೂರಿಸುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಊರಿನ ಪತ್ರ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು! ಅಂಥ ಹಳೆಯ ಕಡತ ತಮ್ಮಲ್ಲಿದ್ದರೆ ಎಸೆಯಬೇಡಿ. ಅದಕ್ಕೂ ನಿಯಮ ಉಂಟು, ಪರಿವರ್ತಕಗಳಿವೆ, ಅಕ್ಷರ ಮರಳಿ ಬರುತ್ತದೆ. ಸಂಘದ ಕೆಲವು ಹಳೆಯ ಸಂಚಿಕೆಗಳನ್ನು ನಾವು ಹಾಗೆಯೇ ಬಿಡಿಸಿಕೊಂಡಿದ್ದೇವೆ.

ಈಗ ನನ್ನನ್ನು ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿದ ಕಾರಣಕ್ಕೆ ಬರುತ್ತೇನೆ. ಊರಿಂದ ಬಂದಿದ್ದ ಒಬ್ಬ ಅಜ್ಜಿಗೆ ಇಲ್ಲಿ ಒಂದು ಕಡೆ ರಕ್ತಪರೀಕ್ಷೆ ಮಾಡಿಸಿದರು. ಯಾವ ಕಡೆ ಎಂಬುದು ಬೇಡ. ಫಲಿತಾಂಶ ನೋಡಲು ಅಜ್ಜಿಯ ಮಗನಿಗೆ ಒಂದು ಲಿಂಕ್ ಬಂತು. ನಮ್ಮ ಕನ್ನಡ ತರಗತಿಗೆ ಬರುವ ಮೊಮ್ಮಗಳು ಆ ಲಿಂಕಿನ ಬಾಲದಲ್ಲಿದ್ದ ಎರಡು ಸಮಚಿಹ್ನೆಗಳನ್ನು ಕಂಡಳು. ಒಗಟಿನ ಪುಟ ಮಾಡುವಾಗ ಕಲಿತಿದ್ದಳಲ್ಲ, ಬಿಚ್ಚಿ ನೋಡಿದಳು. ಒಳಗಿದ್ದದ್ದು ಬರೀ ಒಂದು ಕ್ರಮಸಂಖ್ಯೆ. ಹುಡುಗಿ ನನ್ನ ಬಳಿ ಬಂದು, “ಆಂಟಿ, ಇದಕ್ಕೆ ಒಂದು ಕೂಡಿಸಿ ಮತ್ತೆ ಸುತ್ತಿ ಕಳಿಸಿದರೆ ಇನ್ನೊಬ್ಬರ ರಿಪೋರ್ಟ್ ಬರುತ್ತೆ ಅಲ್ವಾ?” ಎಂದಳು. ಬರಬಹುದು, ಆದರೆ ನೀನು ಮಾತ್ರ ಹಾಗೆ ಮಾಡಿ ನೋಡಬೇಡ ಎಂದೆ. ಆ ಸಂಸ್ಥೆಗೆ ನಾನೇ ಫೋನು ಮಾಡಿದೆ. “ಮೇಡಂ, ಅದು ಎನ್‌ಕ್ರಿಪ್ಟ್ ಆಗಿದೆ, ಚಿಂತಿಸಬೇಡಿ” ಎಂಬ ಉತ್ತರ ಬಂತು. ಎರಡನೇ ಸಲ, ಮೂರನೇ ಸಲವೂ ಅದೇ. ನಾಲ್ಕನೇ ಸಲ ಬರವಣಿಗೆಯಲ್ಲಿ ಕೊಟ್ಟೆ, ಆಮೇಲೆ ಬದಲಾಯಿಸಿದರು. ಅಷ್ಟು ದಿನ ಆ ಬಾಗಿಲು ತೆರೆದೇ ಇತ್ತು. ಯಾರದೋ ಎಚ್.ಐ.ವಿ. ಪರೀಕ್ಷೆ, ಯಾರದೋ ಗರ್ಭಪರೀಕ್ಷೆ ಅದರ ಹಿಂದೆ ಇದ್ದಿರಬಹುದು.

ಆ ಹುಡುಗಿಗೆ ನೋಡಬೇಡ ಎಂದು ಹೇಳಿದ್ದಕ್ಕೆ ಕಾರಣ ಮಿಸೂರಿ ರಾಜ್ಯದಲ್ಲಿ ನಡೆದ ಪ್ರಸಂಗ. 2021ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಸ್ ಪೋಸ್ಟ್-ಡಿಸ್ಪ್ಯಾಚ್ ಪತ್ರಿಕೆಯ ವರದಿಗಾರರೊಬ್ಬರು, ಅಲ್ಲಿನ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಶಿಕ್ಷಕರ ಅರ್ಹತೆ ತೋರಿಸುವ ಪುಟದ ಮೂಲದಲ್ಲೇ ಅವರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳು ಅಡಗಿರುವುದನ್ನು ಕಂಡರು. ಒಂದು ಲಕ್ಷಕ್ಕೂ ಹೆಚ್ಚು ಸಂಖ್ಯೆಗಳು ಹೀಗೆ ಬಯಲಾಗುವಂತಿದ್ದವೆಂದು ಪತ್ರಿಕೆಯ ಅಂದಾಜು. ಕಣ್ಣಿಗೆ ನೇರ ಕಾಣುತ್ತಿರಲಿಲ್ಲ, ಸುತ್ತಿಟ್ಟಿದ್ದರು. ಬೀಗ ಮಾತ್ರ ಹಾಕಿರಲಿಲ್ಲ. ಪತ್ರಿಕೆ ಮೊದಲು ಇಲಾಖೆಗೆ ತಿಳಿಸಿ, ಅವರು ಸರಿಪಡಿಸುವವರೆಗೆ ಕಾದು, ಆಮೇಲೆ ವರದಿ ಪ್ರಕಟಿಸಿತು. ಗವರ್ನರ್ ಮೈಕ್ ಪಾರ್ಸನ್ ಆ ವರದಿಗಾರರನ್ನು ಹ್ಯಾಕರ್ ಎಂದು ಕರೆದು, ಕ್ರಿಮಿನಲ್ ಮೊಕದ್ದಮೆಯ ಮಾತಾಡಿದರು. 2022ರ ಫೆಬ್ರವರಿಯಲ್ಲಿ ಪ್ರಾಸಿಕ್ಯೂಟರ್ ಯಾವ ಆರೋಪವನ್ನೂ ಹೊರಿಸುವುದಿಲ್ಲವೆಂದು ಹೇಳಿದ ಮೇಲೆ ಅದು ಮುಗಿಯಿತು. ಟವೆಲ್ ಸುತ್ತಿದ್ದನ್ನು ಬೀಗವೆಂದು ನಂಬಿದ ಸರಕಾರ, ಟವೆಲ್ ಬಿಚ್ಚಿದವರನ್ನು ಕಳ್ಳ ಎಂದಿತು. ವೀಸಾದ ಮೇಲೆ ಇರುವ ನಮ್ಮ ಎಷ್ಟೋ ಕುಟುಂಬಗಳಿಗೆ ಇಂಥ ಆರೋಪದ ನೆರಳು ಬಿದ್ದರೂ ಕಷ್ಟ. ಆದ್ದರಿಂದ ತಂದೆತಾಯಿಗಳಿಗೆ ನನ್ನ ವಿನಂತಿ: ಮಕ್ಕಳು ಏನಾದರೂ ಕಂಡುಹಿಡಿದರೆ ಗದರಬೇಡಿ, ಮುಂದುವರಿದು ಪರೀಕ್ಷಿಸಲೂ ಬಿಡಬೇಡಿ, ದೊಡ್ಡವರೇ ಬರವಣಿಗೆಯಲ್ಲಿ ತಿಳಿಸಿ.

ಹಾಗಾದರೆ ಬೀಗ ಯಾವುದು? ಅದರ ಬೀಜ ತೀರ ಸರಳವಾದ ಒಂದು ಉಪಾಯದಲ್ಲಿದೆ, ಎಕ್ಸ್-ಆರ್ ಎಂದು ಹೆಸರು. ದೀಪದ ಸ್ವಿಚ್ಚುಗಳ ಒಂದು ಸಾಲನ್ನು ಊಹಿಸಿಕೊಳ್ಳಿ. ಅದೇ ನಿಮ್ಮ ಸಂದೇಶ. ಕೀಲಿ ಎಂದರೆ ಯಾವ ಯಾವ ಸ್ವಿಚ್ಚನ್ನು ತಿರುವಬೇಕೆಂಬ ಚೀಟಿ. ಚೀಟಿಯಂತೆ ತಿರುವಿದರೆ ಸಂದೇಶ ಅಡಗುತ್ತದೆ, ಅದೇ ಚೀಟಿಯಂತೆ ಇನ್ನೊಮ್ಮೆ ತಿರುವಿದರೆ ಮರಳುತ್ತದೆ. ಚೀಟಿ ಸಂದೇಶದಷ್ಟೇ ಉದ್ದವಿದ್ದು, ಯಾವ ಕ್ರಮವೂ ಇಲ್ಲದೆ ತಯಾರಾಗಿ, ಒಂದೇ ಸಲ ಬಳಸಿದ್ದಾದರೆ ಅದನ್ನು ಬಿಡಿಸಲು ಯಾವ ಯಂತ್ರದಿಂದಲೂ ಆಗದು. ಚೀಟಿ ಗಿಡ್ಡವಾಗಿ, ಮತ್ತೆ ಮತ್ತೆ ಬಳಸಿದರೆ ಪುನಃ “ಅನ್ನು”, “ಅಲ್ಲಿ”ಗಳು ಚಾಡಿ ಹೇಳುತ್ತವೆ. ಆದರೆ ಜಾಲಪುಟ ಬರೆಯುವವರು ಮಾಡುವ ಕೆಲಸ ಇದಕ್ಕಿಂತ ಹೆಚ್ಚಿನದು: ಚೀಟಿಯನ್ನೂ ಅದೇ ಪುಟದೊಳಗೆ ಬರೆದಿಡುತ್ತಾರೆ. ಪುಟದ ಜಾವಾಸ್ಕ್ರಿಪ್ಟ್ ಪೂರ್ತಿ ನೋಡುವವರ ಯಂತ್ರಕ್ಕೇ ಹೋಗುತ್ತದೆ. ಬ್ರೌಸರಿನಲ್ಲಿ ಮೂಲ ತೋರಿಸು ಎಂದರೆ ಎಲ್ಲವೂ ಕಾಣುತ್ತದೆ. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅದೇ ಬಾಗಿಲ ಮೊಳೆಗೆ ನೇತುಹಾಕಿದ ಹಾಗೆ. ನಮ್ಮ ತರುಣ ಮಿತ್ರರು ಸೂಚಿಸಿದ ಡೈರೆಕ್ಟರಿಯ ತೊಂದರೆ ಇದೇ. ಪಾಸ್‌ವರ್ಡ್ ಕೇಳುವ ಚೌಕ ಕಾಣುತ್ತದೆ ನಿಜ, ಆದರೆ ನಮ್ಮೆಲ್ಲರ ವಿಳಾಸವೂ ಅದನ್ನು ಬಿಡಿಸುವ ವಿಧಾನವೂ ಆಗಲೇ ಬಂದವನ ಯಂತ್ರದಲ್ಲಿ ಇಳಿದಾಗಿರುತ್ತದೆ.

ವಿಧಾನ ಎಲ್ಲರಿಗೂ ತಿಳಿದಿದ್ದರೂ ಕೀಲಿಯೊಂದು ಗುಟ್ಟಾಗಿದ್ದರೆ ಸಾಕು, ವ್ಯವಸ್ಥೆ ಭದ್ರವಾಗಿರಬೇಕು ಎಂದು 1883ರಲ್ಲೇ ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸರು ಬರೆದರು. 2001ರಲ್ಲಿ ಅಮೆರಿಕ ಸರಕಾರ ಒಪ್ಪಿಕೊಂಡ ಎ.ಇ.ಎಸ್. ಎಂಬ ವಿಧಾನ ಅಂಥದ್ದು. ಅದರ ಸೂತ್ರ ಪುಸ್ತಕದಲ್ಲಿದೆ, ಯಾರು ಬೇಕಾದರೂ ಓದಬಹುದು. ಕೀಲಿ ಇಲ್ಲದೆ ತೆರೆಯಲಾಗದು. ನಮ್ಮ ವೈದ್ಯವೃತ್ತಿಯ ಕಾನೂನೂ ಈ ಭೇದವನ್ನು ಮಾಡುತ್ತದೆ. 1996ರ ಹಿಪಾ ಕಾಯಿದೆ ಎಲ್ಲರಿಗೂ ಗೊತ್ತು, ಕ್ಲಿನಿಕ್ಕಿಗೆ ಹೋದಾಗಲೆಲ್ಲ ಸಹಿ ಹಾಕಿರುತ್ತೀರಿ. 2009ರ ಕಾನೂನಿನ ನಂತರ ರೋಗಿಗಳ ಮಾಹಿತಿ ಕಳುವಾದರೆ ಅವರಿಗೆ ತಿಳಿಸಲೇಬೇಕು. ಸರಿಯಾದ ಮಟ್ಟದಲ್ಲಿ ಎನ್‌ಕ್ರಿಪ್ಟ್ ಆಗಿದ್ದು, ಕೀಲಿ ಕಳುವಾಗಿಲ್ಲದಿದ್ದರೆ ಆ ನಿಯಮದಿಂದ ವಿನಾಯಿತಿ ಇದೆ. ಬೇಸ್-64ಕ್ಕೆ ಆ ವಿನಾಯಿತಿ ಇಲ್ಲ. ನಾವು ಬರೆಯುವ ಬಿ.ಐ.ಡಿ., ಪಿ.ಆರ್.ಎನ್. ಎಂಬ ಲ್ಯಾಟಿನ್ ಸಂಕ್ಷೇಪಗಳನ್ನು ರೋಗಿಗಳು ರಹಸ್ಯ ಭಾಷೆ ಎಂದುಕೊಳ್ಳುತ್ತಾರೆ; ದಿನಕ್ಕೆ ಎರಡು ಸಲ, ಬೇಕಾದಾಗ ಎಂದಷ್ಟೇ ಅದರ ಅರ್ಥ. ಡಾಕ್ಟರ ಕೈಬರಹ ಮಾತ್ರ ನಿಜವಾದ ಎನ್‌ಕ್ರಿಪ್ಶನ್, ಕೀಲಿ ಬರೆದವರ ಬಳಿಯೂ ಇರುವುದಿಲ್ಲ.

ಇನ್ನೊಂದು ಜಾತಿ ಉಳಿದಿದೆ: ಮುಚ್ಚಿದ್ದನ್ನು ಯಾರೂ, ಮುಚ್ಚಿದವರೂ ಮರಳಿ ತೆರೆಯಬಾರದ್ದು. ಪಾಸ್‌ವರ್ಡು ಅಂಥದ್ದು. ಅದನ್ನು ರುಬ್ಬಿ ಇಡಬೇಕು. ಅಕ್ಕಿ ಉದ್ದು ರುಬ್ಬಿ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಅಕ್ಕಿ ಬರುವುದಿಲ್ಲ. ನೀವು ಮುಂದಿನ ಸಲ ಪಾಸ್‌ವರ್ಡ್ ಕೊಟ್ಟಾಗ ಅದನ್ನೂ ಅದೇ ರೀತಿ ರುಬ್ಬಿ, ಎರಡು ಹಿಟ್ಟೂ ಒಂದೇ ಆಗಿದೆಯೇ ಎಂದು ನೋಡುತ್ತಾರೆ. ಇದಕ್ಕೆ ಹ್ಯಾಶ್ ಎಂದು ಹೆಸರು. 1999ರಲ್ಲಿ ಬಂದ ಬಿ-ಕ್ರಿಪ್ಟ್ ಇದರಲ್ಲಿ ಪ್ರಸಿದ್ಧ, ಬೇಕೆಂದೇ ನಿಧಾನವಾಗಿ ರುಬ್ಬುತ್ತದೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೂ ಹಿಟ್ಟು ಬೇರೆಯಾಗಲೆಂದು ಒಬ್ಬೊಬ್ಬರಿಗೆ ಬೇರೆ ಬೇರೆ ಚಿಟಿಕೆ ಬೆರೆಸುತ್ತಾರೆ. ಅದಕ್ಕೆ ಸಾಲ್ಟ್, ಅಂದರೆ ಉಪ್ಪು ಎಂದೇ ಹೆಸರು. ಇದು ನನ್ನ ಉಪಮೆಯಲ್ಲ, ಅವರದೇ. ತಾವೆಲ್ಲ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ. ಪಾಸ್‌ವರ್ಡ್ ಮರೆತೆ ಎಂದು ಒತ್ತಿದಾಗ ಯಾವುದಾದರೂ ತಾಣ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇ-ಮೇಲಿನಲ್ಲಿ ಕಳಿಸಿದರೆ, ಅವರು ಹಿಟ್ಟು ಇಟ್ಟಿಲ್ಲ, ಅಕ್ಕಿಯನ್ನೇ ಇಟ್ಟಿದ್ದಾರೆ. ಅದೇ ಪಾಸ್‌ವರ್ಡನ್ನು ಬ್ಯಾಂಕಿಗೂ ಇಟ್ಟುಕೊಂಡಿದ್ದರೆ ಅಂದೇ ಬದಲಾಯಿಸಿ.

ಡೈರೆಕ್ಟರಿಯ ಬಗ್ಗೆ ಸಮಿತಿಗೆ ನಾನು ಕೇಳಿಕೊಳ್ಳುವುದು ಇಷ್ಟು. ಸದಸ್ಯರು ಯಾರೆಂದು ಸರ್ವರಿನಲ್ಲಿ ಖಚಿತವಾಗುವ ತನಕ ಒಂದು ಹೆಸರೂ ಬ್ರೌಸರಿಗೆ ಇಳಿಯಬಾರದು. ಪಾಸ್‌ವರ್ಡು ಹ್ಯಾಶ್ ಆಗಿರಲಿ. ಇದನ್ನು ನಾವು ಕೈಯಿಂದ ಬರೆಯುವ ಸಾಹಸ ಬೇಡ, ಈ ಕೆಲಸವನ್ನೇ ಮಾಡುವ ತಯಾರಿ ತಂತ್ರಾಂಶ ಕೊಳ್ಳೋಣ. ಯುಗಾದಿ ಊಟದಲ್ಲಿ ಒಂದು ಸಿಹಿ ಕಡಿಮೆಯಾದರೂ ಚಿಂತೆಯಿಲ್ಲ. ಮಕ್ಕಳ ವಯಸ್ಸು, ಶಾಲೆ ಇವನ್ನಂತೂ ಹಾಕುವುದೇ ಬೇಡ. ಪಿಕ್‌ನಿಕ್ಕಿಗೆ ಅದು ಬೇಕಾದಾಗ ಫೋನು ಮಾಡಿ ಕೇಳಬಹುದು. ನಮ್ಮಲ್ಲಿ ಯಾರಾದರೂ ಫೋನಿನಲ್ಲಿ ಮಾತಾಡಿ ಬೇಸರಪಟ್ಟದ್ದನ್ನು ನಾನು ನೋಡಿಲ್ಲ.

ಆ ತರುಣ ಮಿತ್ರರು ಈಗ ಭಾನುವಾರದ ತರಗತಿಯಲ್ಲಿ ನನ್ನ ಜೊತೆ ಒಗಟಿನ ಪುಟಕ್ಕೆ ಕೈಹಾಕಿದ್ದಾರೆ. ಅವರ ಅಕ್ಷರಸೂತ್ರಗಳಿಗೆ ಅಲ್ಲಿ ಬೇಕಾದಷ್ಟು ಕೆಲಸವಿದೆ. ಹಿಂದಿನ ಸಾಲಿನ ಚಿರಂಜೀವಿಗಳೆ, 17 ಮನೆ ಜಿಗಿಯುವ ಸೂತ್ರ ನೆನಪಿದೆಯಷ್ಟೆ? ಇಂದಿನ ಊಟಕ್ಕೆ ಸಿಹಿ ಏನೆಂದು ಅಡುಗೆಯವರು ಹೇಳಕೂಡದೆಂದು ನನಗೆ ತಾಕೀತು ಮಾಡಿದ್ದಾರೆ. ನಾನು ಹೇಳುವುದಿಲ್ಲ. ಇಂದಿನ ಸಿಹಿ “ತೋಥಿನೆ”.